12 ಭಾನುವಾರ ಕಾಯಿಸಿದ್ರು, ಕೊಲೆಗಾರನನ್ನ ಮಾತ್ರ ತೋರಿಸಲಿಲ್ಲ: 'ದಿ ಕಿಲ್ಲಿಂಗ್' ಮೇಲೆ ವೀಕ್ಷಕರು ಅಷ್ಟು ಸಿಟ್ಟಾಗಿದ್ದೇಕೆ?

ಬಾಡಿಗೆ ಲೈಬ್ರರಿಯಿಂದ ಪತ್ತೇದಾರಿ ಕಾದಂಬರಿ ತಂದು ಓದಿದ ಹಳಬರಿಗೆ ಈ ಅನುಭವ ಒಮ್ಮೆಯಾದರೂ ಆಗಿರುತ್ತೆ. ರಾತ್ರಿ ನಿದ್ದೆಗೆಟ್ಟು ಓದಿ, ಇನ್ನೇನು ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಗಬೇಕು ಅನ್ನೋವಾಗ ನೋಡಿದ್ರೆ ಕೊನೆಯ ನಾಲ್ಕು ಹಾಳೆ ಹರಿದುಹೋಗಿರುತ್ತೆ. ಬೆಳಿಗ್ಗೆ ಲೈಬ್ರರಿ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ ಜಗಳ ಆಡಿದವರೂ ಉಂಟು.

2011ರ ಜೂನ್ 19ರ ಭಾನುವಾರ ರಾತ್ರಿ ಅಮೆರಿಕದ ಲಕ್ಷಾಂತರ ಟಿವಿ ವೀಕ್ಷಕರಿಗೆ ಆಗಿದ್ದು ಇದೇ. ಅಲ್ಲಿ ಹಾಳೆ ಹರಿದವರು ಕಥೆ ಬರೆದವರೇ. ಎಎಂಸಿ ಅನ್ನೋ ಕೇಬಲ್ ಚಾನೆಲ್‌ನಲ್ಲಿ ಬರ್ತಿದ್ದ 'ದಿ ಕಿಲ್ಲಿಂಗ್' ಧಾರಾವಾಹಿಯ ಮೊದಲ ಸೀಸನ್ ಅವತ್ತು ಮುಗಿಯಿತು. ಏಪ್ರಿಲ್ 3ರಿಂದ ಶುರುವಾಗಿ 12 ಭಾನುವಾರ, 13 ಕಂತು. ಊರ ತುಂಬಾ ಪೋಸ್ಟರ್ ಹಾಕಿ ಕೇಳಿದ್ದು ಒಂದೇ ಪ್ರಶ್ನೆ: ರೋಸಿ ಲಾರ್ಸನ್‌ಳನ್ನ ಕೊಂದವರು ಯಾರು? ಕೊನೇ ಕಂತು ಮುಗಿದಾಗಲೂ ಆ ಪ್ರಶ್ನೆ ಅಲ್ಲೇ ಇತ್ತು.

ಇವತ್ತು ಮೊಬೈಲ್‌ನಲ್ಲಿ ವೆಬ್ ಸರಣಿ ನೋಡೋರು ತಾಲ್ಲೂಕು ಕೇಂದ್ರದಲ್ಲೂ ಕಮ್ಮಿ ಇಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ಕೌಂಟರ್ ಮೇಲೆ ಫೋನ್ ಒರಗಿಸಿಕೊಂಡು ಎರಡು ಕಂತು ಮುಗಿಸೋರು ಇದಾರೆ. 'ಎಂಟು ಕಂತು ನೋಡಿದೆ, ಕೊನೆಗೆ ಏನೂ ಹೇಳ್ಲೇ ಇಲ್ಲ ಮಾರಾಯ' ಅನ್ನೋ ಗೊಣಗಾಟ ಹಾಗಾಗಿ ಇಲ್ಲೂ ಹೊಸದಲ್ಲ. ಇಂಥ ಸಿಟ್ಟು ಯಾಕೆ ಬರುತ್ತೆ, ಕಥೆ ಮಾಡೋರು ಯಾಕೆ ಹೀಗೆ ಮಾಡ್ತಾರೆ, ಆಮೇಲೆ ಏನಾಗುತ್ತೆ ಅನ್ನೋದನ್ನ ತಿಳಿಯೋಕೆ ಟಿವಿ ಇತಿಹಾಸದಲ್ಲಿ 'ದಿ ಕಿಲ್ಲಿಂಗ್'ಗಿಂತ ಒಳ್ಳೇ ಉದಾಹರಣೆ ಸಿಗೋದು ಕಷ್ಟ.

(ಸೂಚನೆ: 'ಉತ್ತರ ಸಿಕ್ಕಿದ್ದು ಯಾವಾಗ' ಅನ್ನೋ ಭಾಗದಲ್ಲಿ ಕೊಲೆಗಾರರು ಯಾರು ಅಂತ ಬರೆದಿದೆ. ಮುಂದೆ ನೋಡಬೇಕು ಅಂದುಕೊಂಡವರು ಅದೊಂದು ಭಾಗ ಬಿಟ್ಟು ಓದಿ.)

ಕಥೆ ಏನು?

ನಮ್ಮ ಕಡೆ ಹುಡುಗರು ಮೈಕ್ರೋಸಾಫ್ಟ್, ಅಮೆಜಾನ್ ಅಂತ ಕೆಲಸಕ್ಕೆ ಹೋಗಿ ಸೇರಿಕೊಳ್ಳೋ ಸಿಯಾಟಲ್ ಇದೆಯಲ್ಲ, ಕಥೆ ನಡೆಯೋದು ಅಲ್ಲಿ. ಚಿತ್ರೀಕರಣ ಮಾತ್ರ ಪಕ್ಕದ ಕೆನಡಾದ ವ್ಯಾಂಕೂವರ್ ಕಡೆ. ಧಾರಾವಾಹಿ ಪೂರ್ತಿ ಜಿಟಿಜಿಟಿ ಮಳೆ, ಬೂದು ಬಣ್ಣದ ಆಕಾಶ. ರೋಸಿ ಅನ್ನೋ ಶಾಲಾ ಹುಡುಗಿ ಕಾಣೆಯಾಗ್ತಾಳೆ. ಕೆರೆಗೆ ಬಿದ್ದ ಕಾರೊಂದರ ಡಿಕ್ಕಿಯಲ್ಲಿ ಅವಳ ಶವ ಸಿಗುತ್ತೆ. ಆ ಕಾರು ಯಾರದ್ದು ಅಂತ ನೋಡಿದ್ರೆ, ಮೇಯರ್ ಚುನಾವಣೆಗೆ ನಿಂತಿರೋ ಡ್ಯಾರೆನ್ ರಿಚ್‌ಮಂಡ್ ಅನ್ನೋ ರಾಜಕಾರಣಿಯ ಪ್ರಚಾರ ಕಚೇರಿಗೆ ಸೇರಿದ್ದು.

ತನಿಖೆಗೆ ಇಬ್ಬರು. ಕೆಲಸ ಬಿಟ್ಟು ಮಗನನ್ನ ಕರಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟು ನಿಂತಿರೋ ಸಾರಾ ಲಿಂಡನ್, ಅವಳ ಜಾಗಕ್ಕೆ ಬಂದ ಸ್ಟೀಫನ್ ಹೋಲ್ಡರ್. ಮಿರೆಲ್ ಈನಸ್ ಮತ್ತು ಜೋಯೆಲ್ ಕಿನ್ನಮನ್ ಈ ಪಾತ್ರಗಳನ್ನ ಮಾಡಿದ್ದು. ಒಂದೊಂದು ಕಂತೂ ತನಿಖೆಯ ಸುಮಾರು ಒಂದೊಂದು ದಿನ. ಇವತ್ತು ಹೊರಡ್ತೀನಿ, ನಾಳೆ ಹೊರಡ್ತೀನಿ ಅಂತ ಲಿಂಡನ್ ಹೊರಡೋದೇ ಇಲ್ಲ.

ಇಷ್ಟು ಕೇಳಿದ್ರೆ ಮಾಮೂಲಿ ಪೊಲೀಸ್ ಕಥೆ ಅನ್ನಿಸಬಹುದು. ಬೇರೆ ಥರ ಇದ್ದದ್ದು ಎಲ್ಲಿ ಅಂದ್ರೆ ರೋಸಿಯ ಮನೆಯಲ್ಲಿ. ಅಪ್ಪ ಸ್ಟ್ಯಾನ್, ಮನೆ ಸಾಮಾನು ಸಾಗಿಸೋ ಸಣ್ಣ ವ್ಯಾಪಾರಸ್ಥ. ಅಮ್ಮ ಮಿಚ್. ಇನ್ನೂ ಏನೂ ತಿಳಿಯದ ಇಬ್ಬರು ಗಂಡು ಮಕ್ಕಳು. ಸಾಮಾನ್ಯವಾಗಿ ಕ್ರೈಂ ಧಾರಾವಾಹಿಗಳಲ್ಲಿ ಸತ್ತವರ ಅಪ್ಪ ಅಮ್ಮ ಐದು ನಿಮಿಷ ಅತ್ತು ಹೋಗಿಬಿಡ್ತಾರೆ, ಆಮೇಲೆ ಕಥೆ ಪೂರ್ತಿ ಪೊಲೀಸರದ್ದು. ಇಲ್ಲಿ ವಾರ ವಾರವೂ ಆ ಮನೆ ಒಳಗೆ ಹೋಗಿ ಕೂರಬೇಕಿತ್ತು. ಶವ ಗುರುತಿಸೋದು, ಅಂತ್ಯಕ್ರಿಯೆಗೆ ಮಗಳ ಬಟ್ಟೆ ಆರಿಸೋದು, ಅದರ ಖರ್ಚು, ಅಡುಗೆಮನೆಯಲ್ಲಿ ಮಾತಿಲ್ಲದೆ ನಿಲ್ಲೋದು. ಅಮ್ಮನ ಪಾತ್ರ ಮಾಡಿದ ಮಿಶೆಲ್ ಫೋರ್ಬ್ಸ್‌ಗೆ ಆ ವರ್ಷ ಎಮ್ಮಿ ನಾಮನಿರ್ದೇಶನವೂ ಬಂತು, ಈನಸ್‌ಗೂ ಬಂತು. ಹಾಗಾಗಿ ವೀಕ್ಷಕರಿಗೆ 'ಯಾರು ಕೊಂದಿದ್ದು' ಅನ್ನೋದು ಬರೀ ಒಗಟಾಗಿ ಉಳಿದಿರಲಿಲ್ಲ. ಆ ಅಪ್ಪ ಅಮ್ಮನಿಗೆ ಒಂದು ಉತ್ತರ ಸಿಗಲಿ ಅಂತ ಕಾಯ್ತಿದ್ರು. ಮುಂದೆ ಬಂದ ಸಿಟ್ಟಿಗೆ ಅರ್ಧ ಕಾರಣ ಇದೇ.

ಜೂನ್ 19ರ ರಾತ್ರಿ ಆಗಿದ್ದೇನು?

ಅಲ್ಲಿವರೆಗೆ ಕಥೆ ಹೇಗೆ ಹೋಗಿತ್ತು ಅಂತ ಮೊದಲು ನೋಡಬೇಕು. ಎರಡು ಮೂರು ಕಂತಿಗೊಬ್ಬ ಆರೋಪಿ. ಮೊದಲು ಶಾಲೆಯ ಶ್ರೀಮಂತ ಹುಡುಗ, ಅವನ ಗೆಳೆಯ. ಅವರಲ್ಲ ಅಂತಾಯ್ತು. ಆಮೇಲೆ ಬೆನೆಟ್ ಅಹ್ಮದ್ ಅನ್ನೋ ಮೇಷ್ಟ್ರು. ಇವನೇ ಇರಬೇಕು ಅಂತ ಹಲವು ವಾರ ಎಳೆದರು. ರೋಸಿಯ ಅಪ್ಪ ಆ ಮೇಷ್ಟ್ರನ್ನ ಸಾಯೋ ಹಂಗೆ ಹೊಡೆದೂ ಬಿಟ್ಟ. ಕೊನೆಗೆ ಅವನೂ ನಿರಪರಾಧಿ. ದಾರಿ ತಪ್ಪಿಸೋ ಸುಳಿವು ಕೊಡೋದು ಪತ್ತೇದಾರಿ ಕಥೆಯ ಹಳೇ ಪಟ್ಟು, ಅದರಲ್ಲಿ ತಪ್ಪೇನಿಲ್ಲ. ಆದ್ರೆ ಪ್ರತಿ ಸಲ ತಪ್ಪು ದಾರಿಗೆ ಕರಕೊಂಡು ಹೋಗಿ ವಾಪಸ್ ತಂದಾಗಲೂ ನೋಡುಗ ಒಂದು ಲೆಕ್ಕ ಬರೆದಿಟ್ಟುಕೊಳ್ತಾನೆ: ಕೊನೆಗೆ ಒಟ್ಟಿಗೆ ತೀರಿಸ್ತಾರೆ ಬಿಡು ಅಂತ. ಉದ್ರಿ ಬರೆಸಿಕೊಂಡ ಅಂಗಡಿಯವನ ಹಂಗೆ.

ಕೊನೇ ಕಂತಿನಲ್ಲಿ ಬೆರಳು ರಿಚ್‌ಮಂಡ್ ಕಡೆ ತಿರುಗಿತ್ತು. ಸೇತುವೆಯ ಟೋಲ್ ಕ್ಯಾಮೆರಾದಲ್ಲಿ ಅವನೇ ಆ ಕಾರು ಓಡಿಸ್ತಿರೋ ಫೋಟೋ ಸಿಕ್ಕಿತು. ಬಂಧನವೂ ಆಯಿತು. ಲಿಂಡನ್ ಅಂತೂ ಇಂತೂ ಮಗನ ಜತೆ ವಿಮಾನ ಹತ್ತಿ ಕೂತಳು. ಸರಿ, ಕಥೆ ಮುಗೀತು ಅಂತ ಜನ ಉಸಿರು ಬಿಡೋ ಹೊತ್ತಿಗೆ ಅವಳ ಫೋನ್ ಬಡಿಯುತ್ತೆ. ಆ ರಾತ್ರಿ ಸೇತುವೆಯ ಕ್ಯಾಮೆರಾಗಳು ಕೆಲಸವೇ ಮಾಡ್ತಿರಲಿಲ್ಲ! ಅಂದ್ರೆ ಫೋಟೋ ನಕಲಿ. ತಂದುಕೊಟ್ಟವನು ಹೋಲ್ಡರ್. ಅವನು ಯಾರದ್ದೋ ಕಾರು ಹತ್ತಿ, ಫೋಟೋ ಕೆಲಸ ಮಾಡ್ತು ಅನ್ನೋ ಅರ್ಥದ ಮಾತಾಡ್ತಾನೆ. ಅತ್ತ ಸ್ಟ್ಯಾನ್ ಹತ್ತಿರ ಕೆಲಸ ಮಾಡೋ ಬೆಲ್ಕೋ ಪಿಸ್ತೂಲು ಹಿಡಿದು ರಿಚ್‌ಮಂಡ್ ಕಡೆ ನಡೀತಾನೆ.

ಅಷ್ಟೇ. ಪರದೆ ಕಪ್ಪು.

ಕೊಲೆ ಮಾಡಿದ್ದು ಯಾರು ಅಂತ ಹೇಳಲಿಲ್ಲ, ಅದೊಂದು. ಅದಕ್ಕಿಂತ ನೋವು ಕೊಟ್ಟದ್ದು ಹೋಲ್ಡರ್ ವಿಷಯ ಅಂತ ಅನೇಕರು ಹೇಳಿದ್ರು. ಇಡೀ ಸೀಸನ್ನಿನಲ್ಲಿ ಜನ ಮೆಚ್ಚಿಕೊಂಡಿದ್ದ ಪಾತ್ರ ಅದು. ಮಾದಕ ವಸ್ತುವಿನ ಚಟದಿಂದ ಹೊರಬಂದು ಬದುಕು ಕಟ್ಟಿಕೊಳ್ಳೋಕೆ ಒದ್ದಾಡ್ತಿದ್ದ ಹುಡುಗ. ಒಂದೇ ನಿಮಿಷದಲ್ಲಿ ಅವನನ್ನ ಮೋಸಗಾರ ಅಂತ ತೋರಿಸಿ ಬಾಗಿಲು ಹಾಕಿಬಿಟ್ಟರು. ಹಿಂದಿನ ಹನ್ನೆರಡು ಕಂತಿನಲ್ಲಿ ಅದಕ್ಕೆ ತಕ್ಕ ತಯಾರಿ ಕಾಣೋದಿಲ್ಲ. ಬೆಚ್ಚಿಬೀಳಿಸೋಕೆ ಮಾಡಿದ ತಿರುವು ಅಂತ ಎದ್ದು ಕಾಣ್ತಿತ್ತು.

ಮರುದಿನ ಅಮೆರಿಕದ ಪತ್ರಿಕೆಗಳ ಟಿವಿ ವಿಮರ್ಶಕರು ಬರೆದದ್ದು ವಿಮರ್ಶೆ ಅನ್ನೋದಕ್ಕಿಂತ ಬೈಗುಳ ಅನ್ನಬೇಕು. ಇನ್ನು ಈ ಧಾರಾವಾಹಿ ನೋಡೋದಿಲ್ಲ ಅಂತ ಘೋಷಣೆ ಮಾಡಿದವರೂ ಇದ್ರು. ಅದಕ್ಕೆ ಕೆಲವೇ ದಿನ ಮುಂಚೆ ಎಎಂಸಿ, ಎರಡನೇ ಸೀಸನ್ ಬರುತ್ತೆ ಅಂತ ಪ್ರಕಟಿಸಿತ್ತು. ಹಾಗಾಗಿ ಜನರಿಗೆ ಅನ್ನಿಸಿದ್ದು ಒಂದೇ: ನಮ್ಮನ್ನ ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳೋಕೆ ಬೇಕಂತಲೇ ಹೀಗೆ ಮಾಡಿದ್ದಾರೆ.

ಮೂಲ ಕಥೆ ಡೆನ್ಮಾರ್ಕ್‌ನದ್ದು

ಇಲ್ಲೊಂದು ವಿಷಯ ಆಗ ತುಂಬಾ ಜನರ ಗಮನಕ್ಕೆ ಬಂದಿರಲಿಲ್ಲ. 'ದಿ ಕಿಲ್ಲಿಂಗ್' ಅಮೆರಿಕದವರ ಸ್ವಂತ ಕಥೆ ಅಲ್ಲ. ಡೆನ್ಮಾರ್ಕ್‌ನ ಸರ್ಕಾರಿ ವಾಹಿನಿ ಡಿಆರ್ 2007ರಲ್ಲಿ ಪ್ರಸಾರ ಮಾಡಿದ 'ಫೋರ್‌ಬ್ರುಡೆಲ್ಸನ್' ಅನ್ನೋ ಧಾರಾವಾಹಿಯ ರೀಮೇಕ್. ಆ ಡ್ಯಾನಿಶ್ ಪದಕ್ಕೆ ಅರ್ಥ 'ಅಪರಾಧ'. ಬರೆದವರು ಸೋರೆನ್ ಸ್ವೈಸ್ಟ್ರುಪ್. ಅದರಲ್ಲಿ ಒಂದೇ ಕೊಲೆ, 20 ಕಂತು, 20 ದಿನ. ಇಪ್ಪತ್ತನೇ ಕಂತಿನಲ್ಲಿ ಉತ್ತರ.

ಹಾಗಂತ ಡೆನ್ಮಾರ್ಕ್‌ನವರಿಗೂ ಒಂದೇ ಏಟಿಗೆ ಸಿಗಲಿಲ್ಲ. ಮೊದಲ ಹತ್ತು ಕಂತು ವರ್ಷದ ಆರಂಭದಲ್ಲಿ, ಉಳಿದ ಹತ್ತು ಅದೇ ವರ್ಷದ ಕೊನೆ ಭಾಗದಲ್ಲಿ ಬಂದವು. ನಡುವೆ ತಿಂಗಳುಗಟ್ಟಲೆ ಬಿಡುವು. ಆದ್ರೆ ವರ್ಷ ಮುಗಿಯೋದರೊಳಗೆ ಸಾಲ ತೀರಿತು. ಬ್ರಿಟನ್ನಿನಲ್ಲಿ ಬಿಬಿಸಿ ಫೋರ್ 2011ರ ಜನವರಿಯಿಂದ ಮಾರ್ಚ್‌ವರೆಗೆ ಇದನ್ನೇ ಇಂಗ್ಲಿಷ್ ಅಡಿಬರಹದ ಜತೆ ವಾರಕ್ಕೆ ಎರಡೆರಡು ಕಂತಿನಂತೆ ತೋರಿಸಿ ಮುಗಿಸಿತು. ಅಲ್ಲಿ ಪೂರ್ತಿ ಉತ್ತರ ಸಿಕ್ಕ ಮುಂದಿನ ವಾರವೇ ಅಮೆರಿಕದಲ್ಲಿ ರೀಮೇಕ್ ಶುರು.

ಲೆಕ್ಕ ಹಾಕಿ ನೋಡಿ. ಮೂಲದಲ್ಲಿ 20 ಗಂಟೆ ಹಿಡಿದ ಕಥೆ. ರೀಮೇಕ್‌ನ ಮೊದಲ ಸೀಸನ್ 13 ಕಂತು, ಅದೂ ಜಾಹೀರಾತು ತೆಗೆದರೆ ಕಂತಿಗೆ ಮುಕ್ಕಾಲು ಗಂಟೆ. ಮೂಲ ನೋಡಿದ ಯಾರಿಗಾದರೂ ಹದಿಮೂರಕ್ಕೆ ಮುಗಿಯೋದಿಲ್ಲ ಅನ್ನೋ ಅನುಮಾನ ಬರಬೇಕಿತ್ತು. ಅಮೆರಿಕದ ಬಹುಪಾಲು ವೀಕ್ಷಕರು ಮೂಲ ನೋಡಿರಲಿಲ್ಲ. ಅವರಿಗೆ ಕಂಡದ್ದು ಪೋಸ್ಟರ್ ಮಾತ್ರ. ಪೋಸ್ಟರ್ ಮೇಲಿದ್ದದ್ದು ಒಂದು ಪ್ರಶ್ನೆ. ಸೀಸನ್ ಒಂದಕ್ಕೆ ಒಂದು ಪ್ರಶ್ನೆ ಕೇಳಿದ್ರೆ ಸೀಸನ್ ಕೊನೆಗೆ ಉತ್ತರ ಅಂತ ಜನ ಅಂದುಕೊಂಡದ್ದರಲ್ಲಿ ಅವರ ತಪ್ಪೇನು?

ಮಾಡಿದವರು ಏನು ಹೇಳಿದ್ರು?

ರೀಮೇಕ್‌ನ ಮುಖ್ಯಸ್ಥೆ ವೀಣಾ ಸೂದ್. ಭಾರತೀಯ ಮೂಲದ ತಂದೆ, ಫಿಲಿಪ್ಪೀನ್ಸ್ ಮೂಲದ ತಾಯಿ. ಇದಕ್ಕೂ ಮುಂಚೆ ಅವರು ಕೆಲಸ ಮಾಡಿದ್ದು 'ಕೋಲ್ಡ್ ಕೇಸ್' ಅನ್ನೋ ಧಾರಾವಾಹಿಯಲ್ಲಿ. ಅಲ್ಲಿ ವಾರಕ್ಕೊಂದು ಹಳೇ ಕೇಸು, ವಾರಕ್ಕೊಂದು ಉತ್ತರ. ಅಂದ್ರೆ ಲೆಕ್ಕ ಚುಕ್ತಾ ಮಾಡೋದು ಗೊತ್ತಿಲ್ಲದವರಲ್ಲ. ಅದೇ ಸೂತ್ರದಿಂದ ಹೊರಗೆ ಬರಬೇಕು ಅಂತಲೇ ಇದನ್ನ ಮಾಡಿದ್ದು. ಕೊನೇ ಕಂತಿನ ನಂತರ ಅವರು ಕೊಟ್ಟ ಸಂದರ್ಶನಗಳ ಧಾಟಿಯೂ ಅದೇ: ಇದು ಸೂತ್ರಕ್ಕೆ ಕಟ್ಟುಬಿದ್ದ ಪೊಲೀಸ್ ಕಥೆ ಅಲ್ಲ, ಮೊದಲ ಸೀಸನ್‌ನಲ್ಲೇ ಕೊಲೆಗಾರನನ್ನ ತೋರಿಸ್ತೀವಿ ಅಂತ ನಾವು ಹೇಳಿರಲಿಲ್ಲ.

ಮಾತು ನಿಜ ಇರಬಹುದು. ಆದ್ರೆ ಸಿಟ್ಟಾದ ಗಿರಾಕಿ ಮುಂದೆ 'ನಾನು ಹಾಗೆ ಹೇಳೇ ಇರಲಿಲ್ಲವಲ್ಲ' ಅಂದ್ರೆ ಏನಾಗುತ್ತೆ ಅಂತ ಬಟ್ಟೆ ಅಂಗಡಿ ಇಟ್ಟವರನ್ನ ಕೇಳಿ. ಸೀರೆಯನ್ನ ಹೊರಗೆ ಗೊಂಬೆಗೆ ಉಡಿಸಿ ನಿಲ್ಲಿಸಿದ್ರೆ, ಬ್ಲೌಸ್ ಪೀಸ್ ಸೇರಿದೆ ಅಂತ ಬರೆದಿರದೇ ಇದ್ದರೂ ಕೊಂಡವರು ಕೇಳೇ ಕೇಳ್ತಾರೆ.

ಚಾನೆಲ್‌ನವರಿಗೆ ಇದು ಬೇಗ ಅರ್ಥ ಆಯಿತು. ಒಂದೂವರೆ ತಿಂಗಳೊಳಗೆ, ಟಿವಿ ವಿಮರ್ಶಕರ ಜತೆಗಿನ ಸಭೆಯಲ್ಲಿ ಎಎಂಸಿಯ ಕಾರ್ಯಕ್ರಮ ಮುಖ್ಯಸ್ಥ ಜೋಯೆಲ್ ಸ್ಟಿಲ್ಲರ್‌ಮನ್, ಜನರ ನಿರೀಕ್ಷೆಯನ್ನ ನಾವು ಸರಿಯಾಗಿ ನಿಭಾಯಿಸಲಿಲ್ಲ ಅಂತ ಒಪ್ಪಿಕೊಂಡರು. ಎರಡನೇ ಸೀಸನ್ ಕೊನೆಗೆ ಉತ್ತರ ಖಂಡಿತಾ ಸಿಗುತ್ತೆ ಅಂತ ಮುಂಚಿತವಾಗಿಯೇ ಹೇಳಿಬಿಟ್ಟರು. ಈ ಮಾತು ಏಪ್ರಿಲ್‌ನಲ್ಲೇ ಬಂದಿದ್ರೆ ಇಷ್ಟು ರಂಪ ಆಗ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಯಾವಾಗ?

2012ರ ಏಪ್ರಿಲ್ 1ಕ್ಕೆ ಎರಡನೇ ಸೀಸನ್ ಶುರುವಾಯಿತು. ಮೊದಲ ಸೀಸನ್‌ನ ಆರಂಭದ ದಿನ ಸುಮಾರು 27 ಲಕ್ಷ ಜನ ನೋಡಿದ್ದರೆ, ಎರಡನೆಯದರ ಆರಂಭಕ್ಕೆ ಅದು ಸುಮಾರು 18 ಲಕ್ಷಕ್ಕೆ ಇಳಿದಿತ್ತು. ಮೂವರಲ್ಲಿ ಒಬ್ಬರು ವಾಪಸ್ ಬರಲೇ ಇಲ್ಲ.

ಬಂದವರಿಗೆ ಜೂನ್ 17ರಂದು ಉತ್ತರ ಸಿಕ್ಕಿತು. ರೋಸಿ ಒಂದು ಕ್ಯಾಸಿನೋದ ಹತ್ತನೇ ಮಹಡಿಯಲ್ಲಿ ಕೇಳಬಾರದ ಮಾತು ಕೇಳಿಸಿಕೊಂಡಿದ್ದಳು. ರಿಚ್‌ಮಂಡ್‌ನ ಬಲಗೈ ಬಂಟ ಜೇಮಿ ರೈಟ್, ಚುನಾವಣೆ ಗೆಲ್ಲಿಸೋಕೆ ಒಳಸಂಚು ನಡೆಸ್ತಿದ್ದ. ಸಿಕ್ಕಿಬಿದ್ದೆ ಅಂತ ಗಾಬರಿಯಾಗಿ ಅವಳ ಮೇಲೆ ಬಿದ್ದ. ಆದ್ರೆ ಡಿಕ್ಕಿಯಲ್ಲಿ ಜೀವ ಇದ್ದ ಹುಡುಗಿಯನ್ನ ಕಾರು ಸಮೇತ ಕೆರೆಗೆ ತಳ್ಳಿದ್ದು ಬೇರೆಯವರು. ರೋಸಿಯ ಸ್ವಂತ ಚಿಕ್ಕಮ್ಮ ಟೆರ್ರಿ. ಒಳಗಿರೋದು ತನ್ನ ಅಕ್ಕನ ಮಗಳು ಅಂತ ಅವಳಿಗೇ ಗೊತ್ತಿರಲಿಲ್ಲ. ಆ ವಿಷಯ ಅಪ್ಪ ಅಮ್ಮನ ಕಿವಿಗೆ ಬೀಳೋ ದೃಶ್ಯ ಇಡೀ ಧಾರಾವಾಹಿಯ ಅತ್ಯಂತ ಗಟ್ಟಿ ದೃಶ್ಯಗಳಲ್ಲಿ ಒಂದು. ಹೋಲ್ಡರ್ ಮೋಸಗಾರನೂ ಅಲ್ಲ, ಮೇಲಿನವರು ಅವನನ್ನ ಬಳಸಿಕೊಂಡಿದ್ರು ಅಂತ ಎರಡನೇ ಸೀಸನ್‌ನಲ್ಲಿ ತಿದ್ದಿದ್ರು.

ಅಂದ್ರೆ ಉತ್ತರ ಚೆನ್ನಾಗಿಯೇ ಇತ್ತು. ಡ್ಯಾನಿಶ್ ಮೂಲದ ಉತ್ತರಕ್ಕಿಂತ ಬೇರೆಯೇ ಇತ್ತು. ನೋಡೋಕೆ ಜನ ಕಡಿಮೆ ಇದ್ರು, ಅಷ್ಟೇ. ಮುಂದಿನ ತಿಂಗಳೇ ಎಎಂಸಿ ಧಾರಾವಾಹಿ ನಿಲ್ಲಿಸಿತು.

ಯಾಕೆ ಹೀಗೆ ಅರ್ಧಕ್ಕೆ ಬಿಡ್ತಾರೆ?

ನಮ್ಮ ಮೆಗಾ ಧಾರಾವಾಹಿಗಳಿಗೂ ಅಮೆರಿಕದ ಸೀಸನ್ ಪದ್ಧತಿಗೂ ವ್ಯತ್ಯಾಸ ಇದೆ. ಇಲ್ಲಿ ಸೋಮವಾರದಿಂದ ದಿನಾ ಕಂತು, ಟಿಆರ್‌ಪಿ ಬರೋವರೆಗೂ ಓಟ. ಟಿಆರ್‌ಪಿ ಬಿದ್ರೆ ಹದಿನೈದು ದಿನದಲ್ಲಿ ಎಲ್ಲರ ಮನಸ್ಸೂ ಬದಲಾಗಿ, ಖಳನಾಯಕಿ ಕ್ಷಮೆ ಕೇಳಿ, ಮಂಗಳ. ಅಲ್ಲಿ ಹಾಗಲ್ಲ. ವರ್ಷಕ್ಕೊಂದು ಸೀಸನ್, ಹತ್ತರಿಂದ ಇಪ್ಪತ್ತು ಚಿಲ್ಲರೆ ಕಂತು. ಮುಂದಿನ ಸೀಸನ್ ಇದೆಯೋ ಇಲ್ಲವೋ ಅನ್ನೋದು ಅನೇಕ ಸಲ ಕೊನೇ ಕಂತು ಬರೆಯೋ ಹೊತ್ತಿಗೆ ಬರೆಯೋರಿಗೇ ಗೊತ್ತಿರೋದಿಲ್ಲ. ಕಥೆ ಮುಗಿಸಿಬಿಟ್ಟರೆ ಚಾನೆಲ್‌ಗೆ ಮುಂದಿನ ಸೀಸನ್ ಕೊಡೋಕೆ ಕಾರಣ ಇರೋದಿಲ್ಲ. ಮುಗಿಸದೇ ಬಿಟ್ಟು ಚಾನೆಲ್ ಕೈಬಿಟ್ಟರೆ ಕಥೆ ಅನಾಥ.

ಬರೆಯೋರು ಸಾಮಾನ್ಯವಾಗಿ ಮೊದಲನೇ ದಾರಿಗೆ ಹೆದರಿ ಎರಡನೆಯದನ್ನ ಹಿಡೀತಾರೆ. ಈ ಧೈರ್ಯ ಬಂದದ್ದು ಎಲ್ಲಿಂದ ಅಂದ್ರೆ 1980ರ 'ಡಲ್ಲಾಸ್'ನಿಂದ. ಮಾರ್ಚ್ 21ರ ಕಂತಿನ ಕೊನೆಗೆ ಜೆ.ಆರ್. ಯೂಯಿಂಗ್ ಅನ್ನೋ ಖಳನಿಗೆ ಯಾರೋ ಗುಂಡು ಹಾರಿಸಿದ್ರು, ಸೀಸನ್ ಮುಗೀತು. ನಟರ ಮುಷ್ಕರ ಬೇರೆ ಬಂದು ಉತ್ತರ ಸಿಕ್ಕಿದ್ದು ನವೆಂಬರ್ 21ಕ್ಕೆ. ಎಂಟು ತಿಂಗಳು! ಆ ರಾತ್ರಿ ಅಮೆರಿಕದಲ್ಲಿ ಸುಮಾರು 8.3 ಕೋಟಿ ಜನ ಟಿವಿ ಮುಂದೆ ಕೂತಿದ್ರು ಅಂತ ಲೆಕ್ಕ. ಗುಂಡು ಹಾರಿಸಿದ್ದು ಅವನ ನಾದಿನಿ ಕ್ರಿಸ್ಟಿನ್. ಅವತ್ತಿನಿಂದ ಸೀಸನ್ ಕೊನೆಗೆ ಉಸಿರು ಕಟ್ಟಿಸಿ ನಿಲ್ಲಿಸೋದು ಟಿವಿಯವರಿಗೆ ಚಾಳಿಯೇ ಆಗಿಹೋಯಿತು.

ಆದ್ರೆ 'ಡಲ್ಲಾಸ್' ವೀಕ್ಷಕರು ಯಾಕೆ ಸಿಟ್ಟಾಗಲಿಲ್ಲ? ಅಲ್ಲಿ ಪ್ರಶ್ನೆ ಹುಟ್ಟಿದ್ದೇ ಕೊನೇ ಕಂತಿನ ಕೊನೇ ನಿಮಿಷದಲ್ಲಿ. ಯಾರೂ ಅದಕ್ಕಾಗಿ ವಾರಗಟ್ಟಲೆ ಕಾದಿರಲಿಲ್ಲ. ಬೇಸಿಗೆ ರಜೆಗೆ ಕೊಟ್ಟ ಒಗಟು ಅದು. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಯಲ್ಲಿ ಕೊನೇ ಸಾಲಿನ ಕೆಳಗೆ 'ಮುಂದುವರಿಯುವುದು' ಅಂತ ಇರ್ತಿತ್ತಲ್ಲ, ಆ ಥರ. 'ಮುಗಿಯಿತು' ಅಂತ ಇರಬೇಕಾದ ಜಾಗದಲ್ಲಿ 'ಮುಂದುವರಿಯುವುದು' ಅಂತ ಬಂದ್ರೆ ಮಾತ್ರ ತೊಂದರೆ.

ಉತ್ತರ ಕೊಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುತ್ತೆ ಅಂತಲೂ ಇಲ್ಲ. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ 1990ರಲ್ಲಿ ಮಾಡಿದ 'ಟ್ವಿನ್ ಪೀಕ್ಸ್' ಇದಕ್ಕೆ ತದ್ವಿರುದ್ಧ ಕಥೆ. ಲಾರಾ ಪಾಮರ್ ಅನ್ನೋ ಹುಡುಗಿಯ ಕೊಲೆ. ಮೊದಲ ಸೀಸನ್ ಕೊನೆಗೆ ಉತ್ತರ ಇರಲಿಲ್ಲ, ಅಲ್ಲೂ ಜನ ಗೊಣಗಿದ್ರು. ಎಬಿಸಿ ಚಾನೆಲ್ ಒತ್ತಾಯಕ್ಕೆ ಎರಡನೇ ಸೀಸನ್‌ನ ನಡುವೆ ಕೊಲೆಗಾರನನ್ನ ತೋರಿಸಿದ್ರು. ತೋರಿಸಿದ ಮೇಲೆ ಜನ ಒಬ್ಬೊಬ್ಬರೇ ಎದ್ದು ಹೋದ್ರು, 1991ರ ಜೂನ್‌ಗೆ ಧಾರಾವಾಹಿಯೇ ನಿಂತಿತು. ಆ ರಹಸ್ಯ ಬಿಡಿಸಿದ್ದೇ ತಪ್ಪು, ಚಿನ್ನದ ಮೊಟ್ಟೆ ಇಡೋ ಕೋಳಿಯನ್ನ ಕೊಂದ ಹಾಗಾಯಿತು ಅನ್ನೋ ಅರ್ಥದಲ್ಲಿ ಲಿಂಚ್ ಆಮೇಲೂ ಹೇಳ್ತಿದ್ರು.

ಲಿಂಚ್ ಮಾತಿನಲ್ಲಿ ಹುರುಳಿದೆ. ಆದ್ರೆ ಅದು ಎಲ್ಲಾ ಕಥೆಗೂ ಅನ್ವಯ ಆಗೋದಿಲ್ಲ. 'ಟ್ವಿನ್ ಪೀಕ್ಸ್' ಕನಸು, ದೆವ್ವ, ವಿಚಿತ್ರ ಮನುಷ್ಯರು ತುಂಬಿದ ಲೋಕ. ಅಲ್ಲಿ ಉತ್ತರಕ್ಕಿಂತ ಆ ಊರೇ ಮುಖ್ಯ. 'ದಿ ಕಿಲ್ಲಿಂಗ್' ಒಂದು ಮನೆಯ ದುಃಖದ ಕಥೆ, ದಿನ ಒಂದು, ದಿನ ಎರಡು ಅಂತ ಎಣಿಸಿ ಹೇಳಿದ ಕಥೆ. ದಿನ ಎಣಿಸೋಕೆ ಕಲಿಸಿದವರೇ, ಎಣಿಕೆ ಮುಗಿಯೋ ಹೊತ್ತಿಗೆ ಕ್ಯಾಲೆಂಡರ್ ಕಿತ್ತುಕೊಂಡರೆ ಹೇಗೆ?

ನಮ್ಮಲ್ಲೂ ಆಗಿದೆ

ನಮ್ಮ ದೇಶದಲ್ಲಿ ಟಿವಿ ಕ್ರೈಂ ಅಂದ್ರೆ ತುಂಬಾ ಕಾಲ ಸೋನಿ ಟಿವಿಯ 'ಸಿಐಡಿ'. 1998ರಿಂದ 2018ರವರೆಗೆ ನಡೆದದ್ದು. ಸಾಮಾನ್ಯವಾಗಿ ಒಂದೋ ಎರಡೋ ಕಂತಿನಲ್ಲಿ ಕೇಸು ಖಲಾಸ್. ಬಾಗಿಲು ಒಡೆದ್ರು, ಹಿಡಿದ್ರು, ಮುಗೀತು. ಹಾಗಾಗಿ ಈ ಸಮಸ್ಯೆ ಇಲ್ಲಿಗೆ ಬಂದದ್ದು ಓಟಿಟಿ ಜತೆಯಲ್ಲಿ.

ದೊಡ್ಡ ಉದಾಹರಣೆ ನೆಟ್‌ಫ್ಲಿಕ್ಸ್‌ನ 'ಸೇಕ್ರೆಡ್ ಗೇಮ್ಸ್'. 2018ರಲ್ಲಿ ಬಂದ ಮೊದಲ ಸೀಸನ್, 25 ದಿನದಲ್ಲಿ ಮುಂಬೈಗೆ ಏನೋ ಆಗುತ್ತೆ ಅನ್ನೋ ಎಚ್ಚರಿಕೆಯಿಂದ ಶುರು. ಎರಡನೇ ಸೀಸನ್ 2019ರ ಆಗಸ್ಟ್ 15ಕ್ಕೆ ಬಂತು. ಕೊನೇ ದೃಶ್ಯದಲ್ಲಿ ಸೈಫ್ ಅಲಿ ಖಾನ್ ಮಾಡಿರೋ ಸರ್ತಾಜ್ ಅಣುಬಾಂಬ್ ಮುಂದೆ ಕೂತು ಅದನ್ನ ನಿಲ್ಲಿಸೋಕೆ ಒದ್ದಾಡ್ತಾನೆ. ನಿಂತಿತೋ, ಸಿಡೀತೋ? ತೋರಿಸದೆಯೇ ಮುಗಿಸಿದ್ರು. ಮೂರನೇ ಸೀಸನ್ ಬರಲೇ ಇಲ್ಲ. ತಮಾಷೆ ಅಂದ್ರೆ ಇದಕ್ಕೆ ಮೂಲವಾದ ವಿಕ್ರಂ ಚಂದ್ರ ಅವರ ಕಾದಂಬರಿ 2006ರಲ್ಲೇ ಬಂದಿತ್ತು. ಅದರಲ್ಲಿ ಮುಂಬೈ ಉಳಿಯುತ್ತೆ. ಪುಸ್ತಕ ಓದಿದವರಿಗೆ ಉತ್ತರ ಇದೆ, ಚಂದಾ ಕಟ್ಟಿ ನೋಡಿದವರಿಗೆ ಇಲ್ಲ.

ಅರ್ಷದ್ ವಾರ್ಸಿ ಇದ್ದ 'ಅಸುರ್' ಕಥೆ ಇನ್ನೊಂದು ಥರ. 2020ರ ಮಾರ್ಚ್‌ನಲ್ಲಿ ವೂಟ್‌ನಲ್ಲಿ ಬಂದು, ಅಸುರನ ಆಟ ಮುಗಿಯೋ ಮೊದಲೇ ನಿಂತಿತು. ಮುಂದಿನ ಭಾಗಕ್ಕೆ ಮೂರು ವರ್ಷ ಕಾಯಬೇಕಾಯಿತು. 2023ರ ಜೂನ್‌ನಲ್ಲಿ ಬಂದಾಗ ಆ್ಯಪ್ಪೇ ಬದಲಾಗಿತ್ತು, ಜಿಯೋಸಿನಿಮಾ. ಆದ್ರೂ ಜನ ಹುಡುಕಿಕೊಂಡು ಹೋಗಿ ನೋಡಿದ್ರು. ಕಾಯೋಕೆ ಜನ ತಯಾರಿದ್ದಾರೆ ಅನ್ನೋದಕ್ಕೆ ಇದೇ ಸಾಕ್ಷಿ.

ಇದಕ್ಕೆ ಈಗ ಒಂದು ಸುಲಭ ಪರಿಹಾರ ಬಳಕೆಯಲ್ಲಿದೆ: ಒಂದು ಸೀಸನ್‌ಗೆ ಒಂದು ಕೇಸು, ಅಲ್ಲಲ್ಲೇ ಲೆಕ್ಕ ಚುಕ್ತಾ. 2013ರಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಬಂದ 'ಬ್ರಾಡ್‌ಚರ್ಚ್' ಹಾಗೇ ಮಾಡಿತು. ಅಲ್ಲೂ ಒಂದೇ ಕೊಲೆ, ಅಲ್ಲೂ ಒಂದು ಮನೆಯ ದುಃಖ, ಆದ್ರೆ ಎಂಟನೇ ಕಂತಿಗೆ ಉತ್ತರ. ಮರುವರ್ಷ ಎಚ್‌ಬಿಒ ತಂದ 'ಟ್ರೂ ಡಿಟೆಕ್ಟಿವ್' ಸೀಸನ್‌ಗೊಂದು ಹೊಸ ಕಥೆ, ಹೊಸ ನಟರು. ನಮ್ಮ 'ಡೆಲ್ಲಿ ಕ್ರೈಂ' ಕೂಡ ಸೀಸನ್‌ಗೊಂದು ಕೇಸು ಹಿಡಿದು ಮುಗಿಸುತ್ತೆ. 2020ರಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಎಮ್ಮಿ ಸಿಕ್ಕಿತು.

ಹೊಸ ಸರಣಿ ಶುರು ಮಾಡೋ ಮುಂಚೆ ಅದು ಯಾವ ಜಾತಿಯದ್ದು ಅಂತ ಒಂದು ನಿಮಿಷ ನೋಡಿಕೊಂಡರೆ ಡೇಟಾ, ನಿದ್ದೆ ಎರಡೂ ಉಳಿಯುತ್ತೆ. 'ಲಿಮಿಟೆಡ್ ಸೀರೀಸ್' ಅಂತ ಬರೆದಿದ್ರೆ ಸಾಮಾನ್ಯವಾಗಿ ಕಥೆ ಅಲ್ಲೇ ಮುಗಿಯುತ್ತೆ. 'ಸೀಸನ್ 1' ಅಂತ ಮಾತ್ರ ಇದ್ದು, ಬಂದು ಎರಡು ಮೂರು ವರ್ಷ ಆಗಿದ್ರೆ ಸ್ವಲ್ಪ ವಿಚಾರಿಸಿ ಕೂರೋದು ಕ್ಷೇಮ.

ಇನ್ನು 'ದಿ ಕಿಲ್ಲಿಂಗ್' ವಿಷಯ. ನಿಂತ ಧಾರಾವಾಹಿಗೆ 2013ರಲ್ಲಿ ಎಎಂಸಿಯೇ ಮತ್ತೆ ಜೀವ ಕೊಟ್ಟಿತು. ಮೂರನೇ ಸೀಸನ್‌ನಲ್ಲಿ ಹೊಸ ಕೇಸು, ಅದೇ ಸೀಸನ್‌ನಲ್ಲೇ ಕೊಲೆಗಾರನೂ ಸಿಕ್ಕ. ಮತ್ತೆ ನಿಲ್ಲಿಸಿದ್ರು. ಆಮೇಲೆ ನೆಟ್‌ಫ್ಲಿಕ್ಸ್ ಎತ್ತಿಕೊಂಡು 2014ರ ಆಗಸ್ಟ್ 1ಕ್ಕೆ ಆರು ಕಂತಿನ ಕೊನೇ ಸೀಸನ್ ಬಿಟ್ಟು ಕಥೆ ಮುಗಿಸಿತು. ಒಟ್ಟು 44 ಕಂತು. ರೋಸಿ ಲಾರ್ಸನ್ ಕೇಸು ಮಾತ್ರ ನೋಡಬೇಕು ಅನ್ನೋರಿಗೆ ಮೊದಲ 26 ಸಾಕು. ಹದಿಮೂರನೇ ಕಂತು ಮುಗಿದ ಕೂಡಲೇ ಹದಿನಾಲ್ಕನೆಯದು ಒತ್ತಿದ್ರೆ ಆಯಿತು. 2011ರಲ್ಲಿ ನೋಡಿದವರಿಗೆ ಆ ಎರಡರ ನಡುವೆ ಒಂಬತ್ತು ತಿಂಗಳಿದ್ದವು.